ಏಳನೇ ಪರದೆಯ ಫೋಟೋ

ಭಾವ ಸಮುದ್ರದ ಪಾಲಾಗಿ ಹನ್ನೆರಡು ದಿನಗಳಾದ ಮೇಲೆ, ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ಏಳನೇ ಪರದೆಯಲ್ಲಿ ಮತ್ತೆ ಬಂದು ನಿಂತರು. ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು, ಬಣ್ಣ ಸಿಡಿದ ಪ್ಯಾಂಟು, ಎಡಗೈ ರೇಲಿಂಗಿನ ಮೇಲೆ, ಮುಖ ಸಮುದ್ರದ ಕಡೆಗೆ. ಪುಟ್ಟಿ ಬಾಯಿಗೆ ಒಯ್ದ ನೀರಿನ ಲೋಟವನ್ನು ಹಾಗೇ ಹಿಡಿದುಕೊಂಡು ಕೂತಳು. ಪಕ್ಕದ ಕುರ್ಚಿಯಲ್ಲಿ, ಅವಳಿಗೆ ಕೆಲಸ ಕಲಿಸಿದ್ದಕ್ಕೆ ಮೇಷ್ಟ್ರು ಎನಿಸಿಕೊಂಡ ಹಿರಿಯರು ರಿಜಿಸ್ಟರಿಗೆ ಗೆರೆ ಹಾಕುತ್ತಿದ್ದರು. ಏಳನೇದನ್ನು ಸ್ವಲ್ಪ ನೋಡಿ ಎಂದಳು. ಅವರು ಕನ್ನಡಕ ಮೇಲೇರಿಸಿ ನೋಡಿ, ಏನಿದೆಯಮ್ಮ, ಖಾಲಿ ರೇಲಿಂಗು ಎಂದು ಮತ್ತೆ ಗೆರೆಗೆ ಮರಳಿದರು.

ಪುಟ್ಟಿಗೆ ಮೂವತ್ತನಾಲ್ಕು ವರ್ಷ. ನೆತ್ತಿಯ ಮೇಲೆ ನಾಲ್ಕು ಬಿಳಿ ಕೂದಲೂ ಬಂದಿವೆ. ಆದರೂ ಸಾಕಿ ಬೆಳೆಸಿದ ಅಕ್ಕನ ಬಾಯಲ್ಲಿ ಪುಟ್ಟಿ ಎಂದರೆ ಪುಟ್ಟಿಯೇ. ಕೆಲಸದ ಕಡೆ ಮಾತ್ರ ಅವಳ ಹೆಸರು ಹದ್ದು. ದಡದ ಮೇಲಿನ ಕಟ್ಟಡದ ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಯ ತುಂಬ ಇಪ್ಪತ್ತನಾಲ್ಕು ಪರದೆಗಳು. ತೊಂಬತ್ತು ಮೈಲಿ ಆಚೆ ಸಮುದ್ರದ ನಡುವೆ ನಿಂತು ಎಣ್ಣೆ ಎತ್ತುವ ರಿಗ್ಗಿನ ಮೂಲೆಮೂಲೆಗೂ ಒಂದೊಂದು ಕ್ಯಾಮೆರಾ. ಅಲ್ಲಿ ಪೈಪು ಸೋರಿದರೆ, ಯಾರಾದರೂ ಹೆಲ್ಮೆಟ್ಟಿಲ್ಲದೆ ಓಡಾಡಿದರೆ, ಯಾರಾದರೂ ಜಾರಿ ಬಿದ್ದರೆ ಇಲ್ಲಿಂದ ರೇಡಿಯೋದಲ್ಲಿ ಹೇಳುವುದು ಅವಳ ಕೆಲಸ. ಕೂತು ನೋಡುವುದೂ ಒಂದು ಕೆಲಸವೇ ಎಂದು ನಗುವವರು ಒಂದು ದಿನ ಬಂದು ಎಂಟು ಗಂಟೆ ನೋಡಲಿ, ಆಮೇಲೆ ಮಾತಾಡೋಣ.

ಸಮುದ್ರದಲ್ಲಿ ಕ್ಯಾಮೆರಾಕ್ಕೆ ಶತ್ರು ಬಿರುಗಾಳಿ ಎಂದು ಹೊರಗಿನವರು ತಿಳಿದಿದ್ದಾರೆ. ಅಲ್ಲ, ಉಪ್ಪು. ಗಾಳಿಗೆ ಹಾರಿದ ನೀರು ಗಾಜಿನ ಮೇಲೆ ಕೂತು ಒಣಗುತ್ತದೆ, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಎರಡು ದಿನದಲ್ಲಿ ಪರದೆ ಮಜ್ಜಿಗೆ ಬಳಿದ ಹಾಗೆ ಬೆಳ್ಳಗಾಗುತ್ತದೆ, ಗಾಳಿ ಜೋರಾದರೆ ಕೆಲವೇ ನಿಮಿಷ ಸಾಕು. ಗುಂಡಿ ಒತ್ತಿದರೆ ನೀರು ಚಿಮ್ಮಿ ಒರೆಸುವ ಪುಟ್ಟ ವೈಪರು ಪ್ರತಿ ಕ್ಯಾಮೆರಾಕ್ಕೂ ಇದೆ. ಅದರ ಟ್ಯಾಂಕಿನ ನೀರು ಮುಗಿದರೆ ಮನುಷ್ಯನೇ ಬಟ್ಟೆ ಹಿಡಿದು ಹೋಗಬೇಕು. ಹಾಗೆ ಹೋಗುತ್ತಿದ್ದವರು ಭಾವ, ಅಂದರೆ ಅಕ್ಕನ ಗಂಡ. ರಿಗ್ಗಿನಲ್ಲಿ ಅವರದು ತುಕ್ಕು ಕೆರೆದು ಬಣ್ಣ ಹೊಡೆಯುವ ಕೆಲಸ. ಈ ತುದಿಯಿಂದ ಆ ತುದಿಗೆ ಹೊಡೆದು ಮುಗಿಸುವಷ್ಟರಲ್ಲಿ ಈ ತುದಿ ಮತ್ತೆ ತುಕ್ಕು ಹಿಡಿದಿರುತ್ತದೆ. ಆ ಕೆಲಸಕ್ಕೆ ಮುಗಿತಾಯ ಎಂಬುದಿಲ್ಲ. ಕ್ಯಾಮೆರಾ ಒರೆಸಲು ಬಂದಾಗಲೆಲ್ಲ ಗಾಜಿಗೆ ಮೂಗು ತಾಗಿಸಿ, ಕೆನ್ನೆ ಉಬ್ಬಿಸಿ, ಕಣ್ಣು ಮೆಳ್ಳೆ ಮಾಡಿ ನಾದಿನಿಯನ್ನು ನಗಿಸಿಯೇ ಹೋಗುತ್ತಿದ್ದರು. ತೊಂಬತ್ತು ಮೈಲಿ ಆಚೆಯಿಂದ ಹಾಗೆ ಕಾಡಿಸುವ ಭಾವ ಬೇರೆ ಯಾರಿಗಿದ್ದಾರೆ ಎಂದು ಪುಟ್ಟಿಗೆ ಜಂಬವೂ ಇತ್ತು.

ಈಗ ಆ ದಿನದ ಮಾತು. ಅವತ್ತು ದೊಡ್ಡ ಕಚೇರಿಯಿಂದ ಅತಿಥಿಗಳು ಬರುವವರಿದ್ದರು. ಹನ್ನೊಂದು ಗಂಟೆಗೆ ಗೋಡೆಯ ಮೇಲೆ ಒಂದೂ ಮಸುಕು ಪರದೆ ಇರಕೂಡದೆಂದು ಸಾಹೇಬರು ಬೆಳಗ್ಗೆಯೇ ಹೇಳಿ ಹೋಗಿದ್ದರು. ಏಳನೇದರ ವೈಪರಿನ ನೀರು ಮುಗಿಯುತ್ತ ಬಂದಿತ್ತು, ಗಾಳಿ ಎದ್ದಿತ್ತು. ಇಂಥ ಪೇಚಿಗೆ ಆ ಕೋಣೆಯಲ್ಲಿ ಒಂದು ಹಳೆಯ ಉಪಾಯವಿದೆ. ಅದಕ್ಕೆ ಫೋಟೋ ಹಾಕುವುದು ಎನ್ನುತ್ತಾರೆ. ವೈಪರು ಒಂದು ಸಲ ಒರೆಸಿ ಚಿತ್ರ ಚೊಕ್ಕಟವಾಗಿ ಕಂಡ ಕ್ಷಣದಲ್ಲಿ ಗುಂಡಿಯೊತ್ತಿ ಆ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿಬಿಡುವುದು. ಹಿಂದೆ ನಿಜವಾದ ಕ್ಯಾಮೆರಾ ಬೆಳ್ಳಗಾಗುತ್ತಿದ್ದರೂ ಮುಂದೆ ನಿಂತ ಚಿತ್ರ ಫಳಫಳ ಹೊಳೆಯುತ್ತಿರುತ್ತದೆ. ತಪ್ಪೇ, ಆದರೆ ಎಲ್ಲರೂ ಮಾಡುವ ತಪ್ಪು. ಮರೆಯದಿರಲೆಂದು ಆ ಪರದೆಯ ಮೂಲೆಗೆ ಒಂದು ಹಳದಿ ಚೀಟಿ ಅಂಟಿಸುತ್ತಾರೆ. ಅತಿಥಿಗಳು ಬರುವ ದಿನ ಹಳದಿ ಚೀಟಿ ಅಂಟಿಸಿದರೆ ಅದೇನೆಂದು ಅವರು ಕೇಳುವುದಿಲ್ಲವೇ? ಹಾಗಾಗಿ ಪುಟ್ಟಿ ಅಂಟಿಸಲಿಲ್ಲ.

ಹತ್ತು ಐವತ್ತಕ್ಕೆ ಅವಳು ಗುಂಡಿ ಒತ್ತಿದಾಗ ಚಿತ್ರದಲ್ಲಿ ಭಾವ ಇದ್ದರು. ರೇಲಿಂಗಿಗೆ ಕೈಯಿಟ್ಟು ಒಂದು ಗಳಿಗೆ ದಣಿವಾರಿಸಿಕೊಳ್ಳುತ್ತಿದ್ದರು. ಮನುಷ್ಯನೊಬ್ಬ ಇದ್ದರೆ ಚಿತ್ರಕ್ಕೆ ಜೀವ ಬರುತ್ತದೆ ಎಂದುಕೊಂಡಳು. ಅತಿಥಿಗಳು ಬಂದರು, ಬಗ್ಗಿ ನೋಡಿದರು, ತಲೆದೂಗಿದರು. ಅವರು ಚಹಾಕ್ಕೆಂದು ಎದ್ದಾಗ ಹನ್ನೊಂದು ಮೂವತ್ತೈದು. ಅಷ್ಟರಲ್ಲಿ ಹನ್ನೆರಡನೇದರಲ್ಲಿ ಯಾವುದೋ ವಾಲ್ವಿನ ಬಳಿ ಹಬೆ ಕಂಡಿತು, ಅವಳ ಗಮನ ಅತ್ತ ಹೋಯಿತು. ಫೋಟೋದ ಮಾತು ಮನಸ್ಸಿನಿಂದ ಪೂರಾ ಹಾರಿಹೋಯಿತು.

ಹನ್ನೊಂದು ನಲವತ್ತಕ್ಕೆ ಅಕ್ಕನ ಫೋನು ಬಂತು. ಗಂಡ ಮನೆಯಲ್ಲೊಂದು ಮಾತು ಕೇಳದೆ ಇನ್ನೂ ಹದಿನೈದು ದಿನ ಅಲ್ಲೇ ಇರಲು ಒಪ್ಪಿಕೊಂಡಿದ್ದು ಅಕ್ಕನಿಗೆ ಹಿಂದಿನ ದಿನ ತಿಳಿದಿತ್ತು. ಸಿಟ್ಟು ತಡೆಯದೆ ಹನ್ನೊಂದೂವರೆಗೆ ರಿಗ್ಗಿನ ಊಟದ ಮನೆಗೆ ಫೋನು ಮಾಡಿದ್ದಳು. ಹೊರಗೆ ಕೆಲಸ ಮಾಡುವವರು ಮೊಬೈಲು ಇಟ್ಟುಕೊಳ್ಳುವಂತಿಲ್ಲ. ಮನೆಯವರು ಹೇಳಿದ್ದನ್ನು ಅಡುಗೆಯವನು ಬಾಗಿಲ ಪಕ್ಕದ ಬೋರ್ಡಿನ ಮೇಲೆ ಬರೆಯುತ್ತಾನೆ, ಹೋಗುತ್ತ ಬರುತ್ತ ಓದಿಕೊಳ್ಳುವುದು. ಇನ್ನು ಬರೋದೇ ಬೇಡ, ಆ ಸಮುದ್ರದ ಜೊತೆಗೇ ಬಾಳಲಿ, ಹಾಗಂತ ಬರಿ ಎಂದು ಅಕ್ಕ ಹೇಳಿದ್ದಳು. ಅಡುಗೆಯವನು ಕಿಸಕ್ಕನೆ ನಕ್ಕು ಬರೆದಿದ್ದ. ಫೋನು ಇಟ್ಟ ಹತ್ತೇ ನಿಮಿಷಕ್ಕೆ ಅಕ್ಕನಿಗೆ ಕರುಳು ಚುರುಕ್ಕೆಂದಿತು. ಅದಕ್ಕೇ ತಂಗಿಗೆ ಫೋನು. ಹೇಗಿದ್ದಾರೆ, ಕಾಣಿಸ್ತಾರಾ, ಸಿಟ್ಟಲ್ಲಿದ್ದಾರಾ ಎಂದು ಕೇಳಿದಳು.

ಪುಟ್ಟಿ ಕತ್ತೆತ್ತಿ ಏಳನೇ ಪರದೆ ನೋಡಿದಳು. "ಇಲ್ಲೇ ಕಣ್ಣೆದುರಿಗೇ ಇದ್ದಾರಲ್ಲೇ ಅಕ್ಕ. ರೇಲಿಂಗ್ ಹಿಡ್ಕೊಂಡು ನಿಂತು ಸಮುದ್ರ ನೋಡ್ತಿದ್ದಾರೆ. ಆರಾಮಾಗಿದ್ದಾರೆ."

ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಷ್ಟ್ರು ಅವಳಿಗೆ ಕಲಿಸಿದ್ದರು: ಮನುಷ್ಯನನ್ನು ನೋಡಬೇಡ, ಅವನ ಹಿಂದಿನ ಅಲೆ ನೋಡು, ಅಲೆ ನಿಂತಿದ್ದರೆ ಚಿತ್ರ ನಿಂತಿದೆ ಎಂದು ಅರ್ಥ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನೂ ಸೇರಿಸಿದ್ದರು. ಆದರೆ ತನ್ನವರನ್ನು ನೋಡುವಾಗ ಅಲೆಯನ್ನು ಯಾರು ನೋಡುತ್ತಾರೆ? ಪುಟ್ಟಿ ಭಾವನನ್ನು ನೋಡಿದಳು, ಅಷ್ಟೆ.

ಹನ್ನೆರಡೂವರೆಗೆ ಊಟದ ಮನೆಯಲ್ಲಿ ತಲೆ ಎಣಿಸಿದಾಗ ಒಂದು ಕಡಿಮೆ ಬಂತು. ಹುಡುಕುವ ದೋಣಿಯ ಕ್ಯಾಪ್ಟನ್ ರೇಡಿಯೋದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಕೊನೆಗೆ ಯಾವಾಗ ನೋಡಿದ್ದು? ಹನ್ನೊಂದು ನಲವತ್ತು ಎಂದು ಪುಟ್ಟಿ ಹೇಳಿದಳು. ಭಾವನ ಜೊತೆ ಕೆಲಸ ಮಾಡುತ್ತಿದ್ದ ಅಟ್ಟಣಿಗೆ ಕಟ್ಟುವವನು ಬೇರೆಯೇ ಹೇಳಿದ. ತಾನು ಹಗ್ಗ ತರಲು ಕೆಳಗೆ ಹೋಗಿ ಹನ್ನೊಂದೂಕಾಲಿಗೆ ವಾಪಸು ಬಂದಾಗ ಅಲ್ಲಿ ಬಣ್ಣದ ಡಬ್ಬಿ ಮಾತ್ರ ಇತ್ತು, ಎಲ್ಲೋ ಹೋಗಿದ್ದಾರೆ ಎಂದುಕೊಂಡೆ ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹದ್ದಿನ ಕಣ್ಣು ನೋಡಿದ್ದು ದೊಡ್ಡದೋ, ನೀನು ನೋಡದೇ ಇದ್ದದ್ದು ದೊಡ್ಡದೋ ಎಂದು ಸಾಹೇಬರು ಅವನನ್ನೇ ಗದರಿದರು.

ನೀರಿನ ಸೆಳೆತ ಗಂಟೆಗೆ ಮೂರು ಮೈಲಿ ಇತ್ತು. ಹನ್ನೊಂದು ನಲವತ್ತರ ಆಮೇಲೆ ಬಿದ್ದವನು ಎಷ್ಟು ದೂರ ತೇಲಿರಬಹುದು ಎಂದು ಲೆಕ್ಕ ಹಾಕಿ ಕ್ಯಾಪ್ಟನ್ ಆ ಜಾಗವನ್ನೇ ಜಾಲಾಡಿದ. ಆದರೆ ಹನ್ನೊಂದರ ಸುಮಾರಿಗೆ ಬಿದ್ದವನು ಅಲ್ಲಿಂದ ಎರಡು ಮೈಲಿ ಮುಂದಿರುತ್ತಾನೆ. ದೋಣಿ ಮುಂದೆ ಮುಂದೆ ಹೋದ ಹಾಗೆ ಅವನೂ ಮುಂದೆ ಹೋಗುತ್ತಾನೆ. ಆ ಅಲೆಗಳ ನಡುವೆ ಅರ್ಧ ಮೈಲಿ ಆಚೆಯ ತಲೆಯೂ ಕಾಣುವುದಿಲ್ಲ.

ಅಲ್ಲಿಯವರೆಗೂ ಕೋಣೆಯಲ್ಲಿ ಎಲ್ಲರ ಕಣ್ಣು ದೋಣಿ ಕಾಣುವ ಪರದೆಗಳ ಮೇಲೆಯೇ ಇತ್ತು, ಎರಡು ಗಂಟೆಗೆ ಪುಟ್ಟಿ ಏಳನೇ ಪರದೆಯನ್ನು ಮತ್ತೆ ನೋಡಿದಳು. ಭಾವ ಇನ್ನೂ ಅಲ್ಲೇ ನಿಂತಿದ್ದರು. ಆಮೇಲೆ ಅಲೆಯ ಕಡೆ ಕಣ್ಣು ಹೋಯಿತು. ಗುಂಡಿ ಒತ್ತಿದಳು. ಭಾವ ಮಾಯವಾಗಿ ಪರದೆ ಬೆಳ್ಳಗಾಯಿತು.

ಆಗಲಾದರೂ ಬಾಯಿಬಿಡಬಹುದಿತ್ತು. ರೇಡಿಯೋ ಕೈಗೆಟುಕುವಷ್ಟು ಹತ್ತಿರವಿತ್ತು. ಬಿಡುತ್ತೇನೆ, ಇನ್ನೊಂದು ನಿಮಿಷಕ್ಕೆ ಬಿಡುತ್ತೇನೆ ಎಂದುಕೊಳ್ಳುತ್ತಲೇ ಮೂರಾಯಿತು. ಮೂರಕ್ಕೆ ಹೇಳಿದರೆ ಎರಡಕ್ಕೇಕೆ ಹೇಳಲಿಲ್ಲ ಎನ್ನುತ್ತಾರೆ. ನಾಲ್ಕಾಯಿತು. ಆರೂವರೆಗೆ ಕತ್ತಲಾಗಿ ದೋಣಿ ಮರಳಿತು. ವಿಚಾರಣೆಯಲ್ಲಿ ಹನ್ನೊಂದರಿಂದಾಚೆ ರೆಕಾರ್ಡಿನಲ್ಲೆಲ್ಲ ಬಿಳಿಯೇ ಇದೆಯಲ್ಲ, ನಿಮಗೆ ಹೇಗೆ ಕಂಡರು ಎಂದು ಕೇಳಿದಾಗ, ರೆಕಾರ್ಡು ನಿಮಿಷಕ್ಕೊಂದೇ ಚಿತ್ರ ಇಟ್ಟುಕೊಳ್ಳುವುದು, ನಡುವೆ ವೈಪರು ಓಡಿದಾಗ ಒಂದು ಕ್ಷಣ ಕಂಡರು ಎಂದಳು. ಮೊದಲ ಮಾತು ತಪ್ಪು, ಇದು ಸುಳ್ಳು. ಎರಡಕ್ಕೂ ವ್ಯತ್ಯಾಸ ಇದೆಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

ಹೀಗೆ ನುಂಗಿದ್ದು ಹನ್ನೆರಡನೇ ದಿನ ಪರದೆಯ ಮೇಲೆ ಬಂದು ನಿಂತಿತು. ಅವಳು ಮೊದಲು ಅಲೆ ನೋಡಿದಳು. ಅಲೆ ಓಡುತ್ತಿತ್ತು. ಹಕ್ಕಿಯೊಂದು ಹಾರಿಹೋಯಿತು. ಎಲ್ಲ ಚಲಿಸುತ್ತಿತ್ತು, ಭಾವ ಮಾತ್ರ ಫೋಟೋದಲ್ಲಿದ್ದ ಹಾಗೆಯೇ ಅಲುಗಾಡದೆ ನಿಂತಿದ್ದರು. ಹನ್ನೊಂದೂಕಾಲಿಗೆ ಇಲ್ಲವಾದರು. ಮರುದಿನ ಮತ್ತೆ ಅದೇ ಹೊತ್ತಿಗೆ ಬಂದರು, ಅದರ ಮರುದಿನವೂ ಬಂದರು. ಹದಿನೇಳನೇ ದಿನ ಅವರ ಜಾಕೆಟ್ಟು ಒದ್ದೆಯಾಗಿತ್ತು, ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಪ್ಪತ್ತೆರಡನೇ ದಿನ ಮುಖ ಅರ್ಧ ಈ ಕಡೆಗೆ ತಿರುಗಿತ್ತು. ಪುಟ್ಟಿ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಕಣ್ಣು ವಜ್ರದ ಹಾಗಿದೆ, ಚಿಂತೆ ಬಿಡಿ ಎಂದು ಅವರು ಬೆನ್ನು ತಟ್ಟಿ ಕಳಿಸಿದರು. ಮೇಷ್ಟ್ರ ಕೈಕಾಲು ಹಿಡಿದು ತನ್ನ ಪರದೆಗಳನ್ನು ಅವರಿಗೆ ಕೊಟ್ಟು ಹದಿಮೂರರಿಂದಾಚೆಯವನ್ನು ತಾನು ತೆಗೆದುಕೊಂಡಳು. ಆದರೂ ಹತ್ತು ಐವತ್ತಕ್ಕೆ ಕತ್ತು ತಾನಾಗಿ ಏಳನೇದರ ಕಡೆ ತಿರುಗುತ್ತಿತ್ತು.

ಮನೆಗೆ ಹೋದರೆ ಅಲ್ಲಿ ಅಕ್ಕ. ಪುಟ್ಟಿ ತನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಅಕ್ಕನ ಮನೆಗೇ ಬಂದುಬಿಟ್ಟಿದ್ದಳು. ಅಕ್ಕ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತರೆ ಎರಡು ತುತ್ತು, ಮೂರನೇದು ಗಂಟಲಲ್ಲಿ ನಿಲ್ಲುತ್ತಿತ್ತು. ಬಟ್ಟೆಗಳು ಮೈಮೇಲೆ ಜೋತು ಬಿದ್ದಿದ್ದವು. ಹೀಗೇ ಆದರೆ ಇವರನ್ನೂ ಕಳಕೊಳ್ತೀರಿ ಎಂದು ಡಾಕ್ಟರು ಪುಟ್ಟಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳಕ್ಕೆ ಉಣ್ಣುವ ಹೊತ್ತೇ ಬರಲಿಲ್ಲ. ದಿನಾ ಸಂಜೆ ಅಕ್ಕನದು ಒಂದೇ ಪ್ರಶ್ನೆ.

"ನಿಂತು ಸಮುದ್ರ ನೋಡ್ತಿದ್ರು ಅಂದೆಯಲ್ಲ ಪುಟ್ಟಿ. ಬೋರ್ಡ್ ಓದಿ ಬಂದೇ ನಿಂತಿರ್ತಾರೆ, ಅಲ್ವಾ? ನಾನೇ ಅವರನ್ನ ತಳ್ಳಿದ ಹಾಗಾಯ್ತು."

ಅಯ್ಯೋ ಇಲ್ಲ ಕಣೆ, ಜಾರಿದ್ದಾರೆ ಎಂದು ಪುಟ್ಟಿ ಹೇಳುತ್ತಿದ್ದಳು. ಹಾಗೆಂದು ನಿನಗೆ ಹೇಗೆ ಗೊತ್ತು ಎಂದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಗೊತ್ತಿತ್ತು. ಅಕ್ಕ ಫೋನು ಎತ್ತುವ ಮೊದಲೇ ಭಾವ ನೀರಿನಲ್ಲಿದ್ದರು. ಆ ಬೋರ್ಡನ್ನು ಅವರು ನೋಡಿರಲು ಸಾಧ್ಯವೇ ಇರಲಿಲ್ಲ. ಅಕ್ಕನ ಎದೆಯ ಮೇಲಿನ ಬಂಡೆಯನ್ನು ಒಂದು ಮಾತಿನಿಂದ ಇಳಿಸಬಹುದಿತ್ತು. ಇಳಿಸಿದ ಬಂಡೆ ಯಾರ ಮೇಲೆ ಬೀಳುತ್ತದೆ ಎಂಬುದೂ ಪುಟ್ಟಿಗೆ ಗೊತ್ತಿತ್ತು. ತಾಯಿ ಹೋದ ಮೇಲೆ ತನ್ನನ್ನು ತಾಯಿಯಾಗಿ ಸಾಕಿದವಳು, ತಾನು ಓದಲೆಂದು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳಿಲ್ಲದೆ ಪುಟ್ಟಿಗೆ ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ದಿನಾ ಮಲಗುತ್ತಿದ್ದಳು.

ಮೂವತ್ತೊಂದನೇ ದಿನ. ಮೂರು ದಿನಗಳಿಂದ ಗಾಳಿ ಬೀಸಿ ರಿಗ್ಗಿನಲ್ಲಿ ಹೊರಗಿನ ಕೆಲಸವೆಲ್ಲ ನಿಂತಿತ್ತು. ಬಾಗಿಲುಗಳಿಗೆ ಒಳಗಿನಿಂದ ಬೀಗ. ಏಳನೇದರ ನೀರು ಖಾಲಿಯಾಗಿ ಪರದೆ ಬರೀ ಬಿಳಿ. ಹೊಸದಾಗಿ ಬಂದ ಯಾರೋ ಫೋಟೋ ಹಾಕೋಣವೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೇಡ, ಹಾಗೇ ಇರಲಿ ಎಂದಿದ್ದರು. ಇವತ್ತು ಏನೂ ಕಾಣುವುದಿಲ್ಲ, ಒಂದು ದಿನವಾದರೂ ಬಿಡುಗಡೆ ಎಂದು ಪುಟ್ಟಿಗೆ ಒಳಗೊಳಗೇ ನಿರಾಳವಾಗಿತ್ತು.

ಹತ್ತು ಐವತ್ತಕ್ಕೆ ಬಿಳಿಯ ಆಚೆ ಒಂದು ಕಪ್ಪು ಎದ್ದಿತು. ದೊಡ್ಡದಾಗುತ್ತ ಹತ್ತಿರ ಬಂತು. ಬಟ್ಟೆ ಹಿಡಿದ ಕೈಯೊಂದು ಎಡದಿಂದ ಬಲಕ್ಕೆ ಒರೆಸಿತು, ಬಲದಿಂದ ಎಡಕ್ಕೆ ಒರೆಸಿತು, ಮೂಲೆಗಳಿಗೆ ಬೆರಳು ಹಾಕಿ ತಿಕ್ಕಿತು. ಒರೆಸಿದ ಜಾಗದಲ್ಲಿ ಭಾವನ ಮುಖ ಪರದೆ ತುಂಬ ನಿಂತಿತು. ಕೂದಲು ಹಣೆಗೆ ಅಂಟಿತ್ತು, ತುಟಿ ಉಪ್ಪಿಗೆ ಸುಲಿದಿತ್ತು. ಕೆನ್ನೆ ಉಬ್ಬಿಸಲಿಲ್ಲ, ಮೆಳ್ಳೆಗಣ್ಣು ಮಾಡಲಿಲ್ಲ. ಸುಮ್ಮನೆ ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳೋ ಏನೋ. ಸಿಟ್ಟು ಇರಲಿಲ್ಲ. ಆಮೇಲೆ ಅವರು ಪಕ್ಕಕ್ಕೆ ಸರಿದರು, ಮತ್ತೆ ಕಾಣಲಿಲ್ಲ.

"ಏಳನೇದು ಯಾರಮ್ಮ ಒರೆಸಿದ್ದು?" ಎಂದರು ಮೇಷ್ಟ್ರು.

ಪುಟ್ಟಿ ತಿರುಗಿ ನೋಡಿದಳು. ಮೇಷ್ಟ್ರ ಪೆನ್ನು ಗೆರೆಯ ಅರ್ಧದಲ್ಲಿ ನಿಂತಿತ್ತು. ಪರದೆಯಲ್ಲಿ ರೇಲಿಂಗು, ಅದರಾಚೆ ಬೂದು ಸಮುದ್ರ, ಒಂದು ಚುಕ್ಕೆ ಉಪ್ಪೂ ಇಲ್ಲದೆ ಸ್ವಚ್ಛವಾಗಿ ಕಾಣುತ್ತಿದ್ದವು. ಅವರು ರೇಡಿಯೋ ತೆಗೆದುಕೊಂಡು ರಿಗ್ಗಿಗೆ ಕೇಳಿದರು. ಹೊರಗೆ ಯಾರೂ ಕಾಲಿಟ್ಟಿಲ್ಲ, ಬೀಗಗಳು ಹಾಕಿದ ಹಾಗೇ ಇವೆ ಎಂದು ಅಲ್ಲಿಂದ ಉತ್ತರ ಬಂತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಪುಟ್ಟಿ ಅವರ ಮುಂದಿನ ರಿಜಿಸ್ಟರು ಎಳೆದುಕೊಂಡಳು. ಹಿಂದಿನ ಪುಟಗಳನ್ನು ಮಗುಚಿ ಆ ದಿನದ ಪುಟ ತೆಗೆದು, ತನ್ನದೇ ಅಕ್ಷರದಲ್ಲಿ ಹನ್ನೊಂದು ನಲವತ್ತು ಎಂದಿದ್ದ ಸಾಲಿನ ಕೆಳಗೆ ಬರೆದಳು: ಆಗ ನಾನು ನೋಡಿದ್ದು ಹತ್ತು ಐವತ್ತರ ನಿಂತ ಚಿತ್ರ, ಎರಡು ಗಂಟೆಗೆ ನನಗೆ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ, ಅಟ್ಟಣಿಗೆಯವನು ಹೇಳಿದ್ದೇ ನಿಜ. ಕೆಳಗೆ ಸಹಿ ಹಾಕಿದಳು. ಮೇಷ್ಟ್ರು ಓದಿದರು. ಇನ್ನೊಮ್ಮೆ ಓದಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಾತ್ರ ಹೇಳಿ ಪುಸ್ತಕವನ್ನು ಸಾಹೇಬರ ಕೋಣೆಗೆ ತಾವೇ ಹೊತ್ತೊಯ್ದರು. ಸಾಹೇಬರು ಏನೆಂದರೆಂದು ಕೇಳಲು ಅವಳು ಕಾಯಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದಳು.

ಅಡುಗೆಮನೆಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅಕ್ಕ ಮೇಜಿಗೆ ಒರಗಿ ಕೂತಿದ್ದಳು. ಬೆಳಗ್ಗೆ ಪುಟ್ಟಿ ಮಾಡಿಟ್ಟು ಹೋಗಿದ್ದ ಅಡುಗೆ ಮುಚ್ಚಿದ ಹಾಗೇ ಇತ್ತು. ಚಪ್ಪಲಿಯನ್ನೂ ಬಿಡದೆ ಎದುರಿಗೆ ಕೂತು, ಮೊದಲಿನಿಂದ ಕೊನೆಯವರೆಗೆ, ಅತಿಥಿಗಳು, ಫೋಟೋ, ಅಂಟಿಸದ ಹಳದಿ ಚೀಟಿ, ಅಕ್ಕನ ಫೋನು, ಎಲ್ಲವನ್ನೂ ಹೇಳಿದಳು. ತನ್ನನ್ನು ಉಳಿಸಿಕೊಳ್ಳುವ ಒಂದು ಮಾತನ್ನೂ ಸೇರಿಸಲಿಲ್ಲ. ಅಕ್ಕ ತಡೆಯದೆ ಕೇಳಿಸಿಕೊಂಡಳು.

"ಹನ್ನೊಂದೂವರೆಗೆ ಮುಂಚೆನೇನಾ?"

"ಹನ್ನೊಂದೂಕಾಲಿಗೂ ಮುಂಚೆ. ನೀನು ಫೋನ್ ಮಾಡಿದಾಗ ಭಾವ ಅಲ್ಲಿ ಇರ್ಲೇ ಇಲ್ಲ."

"ಬೋರ್ಡ್ ನೋಡಿಲ್ಲ."

"ನೋಡಿಲ್ಲ ಅಕ್ಕ."

ಅಕ್ಕ ಅತ್ತಳು. ಮೂವತ್ತೊಂದು ದಿನ ಒಳಗೇ ಗಟ್ಟಿಯಾಗಿದ್ದದ್ದು ಕರಗಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಕೈ ಚಾಚಿ ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಪುಟ್ಟಿಯೂ ಅತ್ತಳು. ಅಕ್ಕ ಉಳಿದಳು, ಅಷ್ಟು ಸಾಕು ಎನಿಸಿತು.

ಸ್ವಲ್ಪ ಹೊತ್ತಿಗೆ ಅಕ್ಕ ಮುಖ ಒರೆಸಿಕೊಂಡು, ಹಸಿವಾಗ್ತಿದೆ ಎಂದಳು. ಪುಟ್ಟಿ ಗಡಬಡಿಸಿ ಎದ್ದು ಬಿಸಿ ಮಾಡಿ ಬಡಿಸಿದಳು. ಅಕ್ಕ ತಿಂದಳು. ಮೂರನೇ ತುತ್ತು ಇಳಿಯಿತು, ನಾಲ್ಕನೇದೂ ಇಳಿಯಿತು. ಇನ್ನಷ್ಟು ಹಾಕಿಸಿಕೊಂಡಳು. ತಿನ್ನುತ್ತ ತಿನ್ನುತ್ತ ಸಣ್ಣ ಸಣ್ಣ ಪ್ರಶ್ನೆ ಕೇಳಿದಳು. ದೋಣಿ ಎಲ್ಲಿ ಹುಡುಕುತ್ತಿತ್ತು? ಎರಡು ಮೈಲಿ ಹಿಂದೆ. ಜಾಕೆಟ್ ಹಾಕಿದ್ದರಲ್ಲ? ಹಾಕಿದ್ದರು. ಅದು ಎಷ್ಟು ಹೊತ್ತು ತೇಲಿಸುತ್ತದೆ? ಒಂದು ದಿನ. ನಿನಗೆ ಗೊತ್ತಾಗಿದ್ದು ಎಷ್ಟು ಗಂಟೆಗೆ? ಎರಡಕ್ಕೆ. ಕತ್ತಲಾಗಿದ್ದು? ಆರೂವರೆಗೆ.

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. ತಂಗಿಯ ಮುಖವನ್ನು ನೋಡಿದಳು. ದನಿ ಏರಿಸಲಿಲ್ಲ.

"ಅವರು ನಿನ್ನ ಕ್ಯಾಮೆರಾ ಎದುರಿಗೇ ಬಿದ್ದಿದ್ದು ಕಣೆ. ಪುಟ್ಟಿ ನೋಡಿರ್ತಾಳೆ, ಈಗ ದೋಣಿ ಬರುತ್ತೆ, ಇನ್ನೇನು ಬರುತ್ತೆ ಅಂದ್ಕೊಂಡೇ ಕಾದಿರ್ತಾರೆ."

ಅಕ್ಕ ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸಿದಳು.